ಹಿತ್ತಲಿಗೆ ದೀಪ ಬಂದ ದಾರಿ



ನಿಮ್ಮ ಮನೆಯ ಹಿತ್ತಲಿಗೊಂದು ದೀಪ ಹಾಕಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಅಂಗಡಿಗೆ ಹೋದರೆ ಅಂಗಡಿಯವನು ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ವ್ಯಾಟ್?’ ನೀವು ಬಾಯಿಗೆ ಬಂದ ಸಂಖ್ಯೆಯೊಂದನ್ನು ಹೇಳುತ್ತೀರಿ. ಅವನು ಅದಕ್ಕಿಂತ ಒಂದಿಷ್ಟು ದೊಡ್ಡದನ್ನೇ ಕಟ್ಟಿಕೊಡುತ್ತಾನೆ. ಗೋಡೆಯ ನೆತ್ತಿಗೆ ಅದನ್ನು ಜಡಿದು ಸ್ವಿಚ್ಚು ಒತ್ತಿದರೆ ಹಿತ್ತಲು ಹಗಲಾಗುತ್ತದೆ, ಪಕ್ಕದ ಮನೆಯ ಮಲಗುವ ಕೋಣೆಯೂ ಹಗಲಾಗುತ್ತದೆ. ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ.

ಅಂಗಡಿಯವನ ಪ್ರಶ್ನೆಗಿಂತ ಮುಂಚೆ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ ಇವೆ. ಈ ಬೆಳಕಿನಲ್ಲಿ ನೋಡಬೇಕಾದದ್ದು ಏನು? ನೋಡುವವರು ಯಾರು? ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ? ಮನೆಯ ಹೊರಗಿನ ದೀಪದ ಚರಿತ್ರೆಯನ್ನು ತಿರುವಿಹಾಕಿದರೆ ಈ ಪ್ರಶ್ನೆಗಳೇ ಮತ್ತೆ ಮತ್ತೆ ಎದುರಾಗುತ್ತವೆ. ಉತ್ತರಗಳು ಮಾತ್ರ ಕಾಲಕಾಲಕ್ಕೆ ಬದಲಾಗಿವೆ.

ಮೊದಲು ಖರ್ಚಿನ ವಿಷಯ. ವಿದ್ಯುತ್ತು ಬರುವ ಮುಂಚೆ ಬೆಳಕು ಎಂದರೆ ಎಣ್ಣೆ. ಎಣ್ಣೆ ಎಂದರೆ ಹೊಲ, ಗಾಣ, ಎತ್ತು, ಮನುಷ್ಯನ ದುಡಿಮೆ. ನಮ್ಮ ನಾಡಿನ ಶಾಸನಗಳಲ್ಲಿ ದೇವಾಲಯದ ನಂದಾದೀವಿಗೆಗೆಂದು ಭೂಮಿಯನ್ನೋ ಗಾಣದ ಎಣ್ಣೆಯ ಪಾಲನ್ನೋ ಬಿಟ್ಟುಕೊಟ್ಟ ದಾಖಲೆಗಳು ಹೇರಳವಾಗಿ ಸಿಗುತ್ತವೆ. ಒಂದು ದೀಪ ಆರದಂತೆ ಉರಿಯಬೇಕಾದರೆ ಅದಕ್ಕೊಂದು ಆಸ್ತಿಯನ್ನೇ ಕಟ್ಟಿಡಬೇಕಾಗಿತ್ತು ಎಂಬುದನ್ನು ಗಮನಿಸಿ. ದೇವರಿಗೇ ಹೀಗಾದರೆ ಸಾಮಾನ್ಯನ ಮನೆಯ ಗತಿ ಏನು? ಹೊಂಗೆ ಎಣ್ಣೆಯದೋ ಹರಳೆಣ್ಣೆಯದೋ ಒಂದು ಹಣತೆ ಒಳಗೆ ಉರಿಯುತ್ತಿತ್ತು. ಹೊರಗೆ ತುಳಸಿಕಟ್ಟೆಯ ಗೂಡಿನಲ್ಲಿ ಸಂಜೆಗೊಂದು ಪುಟ್ಟ ದೀಪ, ಕಾರ್ತಿಕ ಮಾಸದಲ್ಲಿ ಒಂದೆರಡು ಹೆಚ್ಚು. ಹಿತ್ತಲಿನ ಬಾವಿಗೆ, ಕೊಟ್ಟಿಗೆಗೆ, ಬಚ್ಚಲಿಗೆ ಹೋಗಬೇಕಾದವರು ದೀಪವನ್ನು ಕೈಯಲ್ಲೇ ಹಿಡಿದುಕೊಂಡು ಹೋಗುತ್ತಿದ್ದರು. ಬೆಳಕು ಮನುಷ್ಯನ ಜೊತೆಗೆ ಬರುತ್ತಿತ್ತು, ಅವನ ಜೊತೆಗೇ ಒಳಗೆ ಹೋಗುತ್ತಿತ್ತು. ಯಾರೂ ಇಲ್ಲದ ಹಿತ್ತಲಿಗೆ ಇಡೀ ರಾತ್ರಿ ದೀಪ ಉರಿಸುವ ಯೋಚನೆ ಆ ಕಾಲದವರ ಕನಸಿಗೂ ಬಂದಿರಲಾರದು.

ಹೊಸ್ತಿಲ ಮೇಲೆ ದೀಪವಿಟ್ಟರೆ ಒಳಗೂ ಬೆಳಕು, ಹೊರಗೂ ಬೆಳಕು. ಇದನ್ನು ಪಂಡಿತರು ದೇಹಲೀದೀಪ ನ್ಯಾಯ ಎನ್ನುತ್ತಾರೆ. ವಾಕ್ಯದ ನಡುವಿನ ಒಂದೇ ಪದ ಹಿಂದಿನದಕ್ಕೂ ಮುಂದಿನದಕ್ಕೂ ಅನ್ವಯವಾಗುವಾಗ ಹೇಳುವ ಮಾತು ಇದು. ಆದರೆ ಈ ನ್ಯಾಯ ಹುಟ್ಟಿದ್ದು ವ್ಯಾಕರಣದ ಚಿಂತೆಯಿಂದಲ್ಲ, ಎಣ್ಣೆಯ ಚಿಂತೆಯಿಂದ ಎಂದು ನನಗೆ ಅನ್ನಿಸುತ್ತದೆ.

ಅರಮನೆಗಳ ಮಾತು ಬೇರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ರಾತ್ರಿಗಳಲ್ಲಿ ಬಯಲಿನಲ್ಲಿ ಉರಿಯುತ್ತಿದ್ದ ದೀವಟಿಗೆಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ಕತ್ತಲನ್ನು ಸುಟ್ಟುಹಾಕಬಲ್ಲೆ ಎಂದು ತೋರಿಸುವುದೂ ರಾಜನ ಐಶ್ವರ್ಯದ ಪ್ರದರ್ಶನವೇ ಆಗಿತ್ತು.

ಹಬ್ಬಕ್ಕಲ್ಲದೆ, ಪ್ರತಿ ರಾತ್ರಿಯೂ, ಇಡೀ ಊರಿನ ಬೀದಿಗಳಿಗೆ ದೀಪ ಎಂಬ ವಿಚಾರ ಗಟ್ಟಿಯಾಗಿ ಬೇರೂರಿದ್ದು ಹದಿನೇಳನೆಯ ಶತಮಾನದ ಯೂರೋಪಿನಲ್ಲಿ. ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಎರಡು ನಗರಗಳು ಈ ಕೆಲಸಕ್ಕೆ ಕೈಹಾಕಿದವು, ಆದರೆ ಅವುಗಳ ಉದ್ದೇಶ ಬೇರೆ ಬೇರೆ. 1667ರಲ್ಲಿ ಹದಿನಾಲ್ಕನೆಯ ಲೂಯಿಯ ಪ್ಯಾರಿಸ್ಸಿನಲ್ಲಿ ಬೀದಿದೀಪದ ಹೊಣೆ ಹೊತ್ತವನು ಪೊಲೀಸ್ ಮುಖ್ಯಸ್ಥ ಲಾ ರೇನಿ. ಬೀದಿಯ ಅಡ್ಡಕ್ಕೆ ಹಗ್ಗ ಕಟ್ಟಿ, ಗಾಜಿನ ಲಾಂದ್ರದಲ್ಲಿ ಮೇಣದಬತ್ತಿ ಇಟ್ಟು ತೂಗುಹಾಕಿಸಿದ. ಅಲ್ಲಿ ದೀಪವಿದ್ದದ್ದು ನಡೆಯುವವನಿಗೆ ದಾರಿ ಕಾಣಲಿ ಎಂದಷ್ಟೇ ಅಲ್ಲ; ನಡೆಯುವವನು ಪೊಲೀಸರಿಗೆ ಕಾಣಲಿ ಎಂದು. ಜನಕ್ಕೆ ಇದು ಅರ್ಥವಾಗದೆ ಇರಲಿಲ್ಲ. ಲಾಂದ್ರ ಒಡೆಯುವುದು ಪ್ಯಾರಿಸ್ಸಿನಲ್ಲಿ ಒಂದು ಬಗೆಯ ಪ್ರತಿಭಟನೆಯೇ ಆಯಿತು, ಅದಕ್ಕೆ ಕಠಿಣ ಶಿಕ್ಷೆಯೂ ಇತ್ತು. 1789ರ ಕ್ರಾಂತಿ ಭುಗಿಲೆದ್ದಾಗ ಜನರ ಗುಂಪು ಕೆಲವು ಅಧಿಕಾರಿಗಳನ್ನು ಬೀದಿದೀಪದ ಕಂಬಿಗೇ ನೇಣು ಹಾಕಿತು.

ಆಮ್‌ಸ್ಟರ್‌ಡ್ಯಾಮಿನ ಕಥೆ ನನಗೆ ಹೆಚ್ಚು ಇಷ್ಟ. ಅದು ಕಾಲುವೆಗಳ ಊರು. ಕತ್ತಲಲ್ಲಿ ಕಾಲು ತಪ್ಪಿದರೆ ನೀರಿನ ಪಾಲು. ಅಲ್ಲಿ 1669ರಲ್ಲಿ ದೀಪದ ಹೊಣೆ ಹೊತ್ತವನು ಯಾನ್ ವಾನ್ ಡರ್ ಹೈಡನ್ ಎಂಬ ಚಿತ್ರಕಾರ. ಇಟ್ಟಿಗೆ ಇಟ್ಟಿಗೆಯನ್ನೂ ಬಿಡಿಸಿ ಬರೆಯುವಷ್ಟು ತಾಳ್ಮೆಯ ಕಲಾವಿದ. ಬೆಂಕಿ ಆರಿಸುವ ಉದ್ದನೆಯ ಚರ್ಮದ ಕೊಳವೆಯನ್ನು ರೂಪಿಸಿದ ಯಂತ್ರಜ್ಞನೂ ಹೌದು. ಅವನು ಮಾಡಿದ ಲಾಂದ್ರದಲ್ಲಿ ಒಂದು ಸೂಕ್ಷ್ಮವಿದೆ. ಗಾಳಿ ಕೆಳಗಿನಿಂದ ಒಳಬಂದು ಮಸಿಯನ್ನು ಮೇಲಕ್ಕೆ ಒಯ್ಯುವಂತೆ ರಂಧ್ರಗಳನ್ನು ಜೋಡಿಸಿದ್ದ. ಹಾಗಾಗಿ ಗಾಜು ಬೇಗ ಕಪ್ಪಾಗುತ್ತಿರಲಿಲ್ಲ. ಒಂದು ದೀಪದ ಬೆಳಕು ಎಲ್ಲಿಯವರೆಗೆ ಉಪಯೋಗಕ್ಕೆ ಬರುತ್ತದೆ ಎಂದು ಲೆಕ್ಕಹಾಕಿ, ಕಂಬದಿಂದ ಕಂಬಕ್ಕೆ ಸುಮಾರು 125ರಿಂದ 150 ಅಡಿಗಳ ಅಂತರ ಗೊತ್ತುಮಾಡಿದ. ಯಾವ ತಿಂಗಳು ಎಷ್ಟು ಹೊತ್ತಿಗೆ ಹಚ್ಚಬೇಕು ಎಂಬ ವೇಳಾಪಟ್ಟಿಯನ್ನೂ ಬರೆದಿಟ್ಟ. ಈ ವ್ಯವಸ್ಥೆ 1840ರವರೆಗೆ, ಅಂದರೆ 170 ವರ್ಷಗಳ ಕಾಲ ನಡೆಯಿತು! ದೀಪ ದೊಡ್ಡದಾಗಿದ್ದುದರಿಂದಲ್ಲ, ದೀಪದ ಜಾಗ ಸರಿಯಾಗಿದ್ದುದರಿಂದ. ಹಿತ್ತಲಿಗೆ ದೀಪ ಹಾಕುವವರು ಈ ಚಿತ್ರಕಾರನನ್ನು ಒಮ್ಮೆ ನೆನೆಯಬೇಕು.

ಇನ್ನೊಂದು ಮಾತು. ಗ್ಯಾಸು ಬಂದ ಮೇಲೂ ಯೂರೋಪು, ಅಮೆರಿಕದ ಎಷ್ಟೋ ಊರುಗಳಲ್ಲಿ ಬೆಳದಿಂಗಳ ರಾತ್ರಿಗಳಲ್ಲಿ ಬೀದಿದೀಪ ಹಚ್ಚುತ್ತಿರಲಿಲ್ಲ. ಪಂಚಾಂಗ ನೋಡಿ ದೀಪ ಹಚ್ಚುವ ಪದ್ಧತಿ. ನಮ್ಮಲ್ಲಿ ಬೆಳದಿಂಗಳೂಟ ಎಂಬ ಸೊಗಸಾದ ಪದ್ಧತಿ ಇದೆಯಲ್ಲ, ಅದರ ಹಿಂದೆಯೂ ಇದೇ ವ್ಯವಹಾರಜ್ಞಾನವಿದ್ದಿರಬೇಕು.

ಬೆಳದಿಂಗಳ ಬಲ ಎಷ್ಟು? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ. ಬೆಳಕು ಎಷ್ಟು ಬಿದ್ದಿದೆ ಎಂದು ಅಳೆಯುವ ಮಾನ ಲಕ್ಸ್. ಒಂದು ಮೇಣದಬತ್ತಿ ಒಂದು ಮೀಟರ್ ದೂರದಲ್ಲಿ ಚೆಲ್ಲುವ ಬೆಳಕು ಹೆಚ್ಚುಕಡಿಮೆ ಒಂದು ಲಕ್ಸ್. ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲಾಗುತ್ತದೆ. ಇದು ನೀವು ಭೌತಶಾಸ್ತ್ರದಲ್ಲಿ ಓದುವ ವಿಲೋಮ ವರ್ಗ ನಿಯಮ. ಅಂದರೆ ಎರಡು ಮೀಟರ್ ದೂರದಲ್ಲಿ ಕಾಲು ಲಕ್ಸ್. ನಡು ಆಕಾಶದಲ್ಲಿರುವ ಹುಣ್ಣಿಮೆಯ ಚಂದ್ರ ನೆಲದ ಮೇಲೆ ಚೆಲ್ಲುವುದೂ ಸುಮಾರು ಇಷ್ಟೇ. ಅಷ್ಟು ಬೆಳಕಿನಲ್ಲಿ ಜನ ಊಟ ಮಾಡಿದರು, ಗಾಡಿ ಹೊಡೆದರು, ಕಣದಲ್ಲಿ ರಾಶಿ ಮಾಡಿದರು. ಇನ್ನು ನಮ್ಮ ಅಂಗಡಿಯವನು ಕೊಟ್ಟ 50 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟನ್ನು ತೆಗೆದುಕೊಳ್ಳಿ. ಅದು ಸುಮಾರು 5000 ಲ್ಯೂಮೆನ್ ಕೊಡುತ್ತದೆ ಎನ್ನೋಣ. 100 ಚದರ ಮೀಟರಿನ ಹಿತ್ತಲಿಗೆ ಅದನ್ನು ಹರಡಿದರೆ ಸರಾಸರಿ 50 ಲಕ್ಸ್. ಇನ್ನೂರು ಹುಣ್ಣಿಮೆಗಳು! ಒಣಹಾಕಿದ ಬಟ್ಟೆ ತೆಗೆಯಲು ಇನ್ನೂರು ಚಂದ್ರರು ಬೇಕೆ?

ಕಥೆಗೆ ಮರಳೋಣ. ಕಲ್ಲಿದ್ದಲಿನಿಂದ ಗ್ಯಾಸು ತೆಗೆದು ದೀಪ ಉರಿಸುವ ವಿದ್ಯೆಯನ್ನು ವಿಲಿಯಂ ಮರ್ಡಾಕ್ 1792ರ ಸುಮಾರಿಗೆ ಸಾಧಿಸಿ ತೋರಿಸಿದ. 1807ರಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಗ್ಯಾಸ್ ದೀಪಗಳು ಬೆಳಗಿದವು. ಕಲ್ಕತ್ತೆಗೆ 1857ರಲ್ಲಿ, ಮುಂಬಯಿಗೆ 1865ರಲ್ಲಿ ಅವು ಬಂದವು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ತು ಬರುವವರೆಗೂ ಉರಿದದ್ದು ಸೀಮೆಎಣ್ಣೆಯ ದೀಪಗಳು. ಈ ಸೀಮೆಎಣ್ಣೆಯೇ ಜನಸಾಮಾನ್ಯನ ಹಿತ್ತಲಿಗೆ ನಿಜವಾದ ಕ್ರಾಂತಿ ತಂದದ್ದು. 1853ರಲ್ಲಿ ಪೋಲೆಂಡಿನ ಔಷಧ ತಯಾರಕ ಇಗ್ನಾಟ್ಸಿ ವುಕಾಸಿಯೆವಿಚ್ ಸೀಮೆಎಣ್ಣೆಯ ದೀಪವನ್ನು ರೂಪಿಸಿದ. ಮುಂದೆ ಗಾಳಿಗೆ ಆರದ ಲಾಟೀನು ಬಂತು. ಗದ್ದೆಗೆ ನೀರು ಕಟ್ಟುವವನ ಕೈಯಲ್ಲಿ, ಹೆರಿಗೆಗೆಂದು ರಾತ್ರಿ ಹೊರಟ ಸೂಲಗಿತ್ತಿಯ ಕೈಯಲ್ಲಿ, ಗಾಡಿಯ ಅಡಿಯಲ್ಲಿ ತೂಗಾಡುತ್ತ ಅದು ನಮ್ಮ ಹಳ್ಳಿಗಳನ್ನು ಒಂದು ನೂರು ವರ್ಷ ಕಾಪಾಡಿತು. ಅಷ್ಟು ಪ್ರಾಮಾಣಿಕವಾದ ಇನ್ನೊಂದು ದೀಪ ನನಗೆ ಗೊತ್ತಿಲ್ಲ.

ಆಸ್ಟ್ರಿಯದ ಕಾರ್ಲ್ ಆವರ್ 1885ರಲ್ಲಿ ಮ್ಯಾಂಟಲ್ ಎಂಬ ಜಾಲರಿ ಬುರುಡೆಯನ್ನು ಕಂಡುಹಿಡಿದ. 1891ರ ಹೊತ್ತಿಗೆ ಅದಕ್ಕೊಂದು ಪಕ್ಕಾ ಪಾಕವನ್ನೂ ಗೊತ್ತುಮಾಡಿದ: 99 ಪಾಲು ಥೋರಿಯಂ ಆಕ್ಸೈಡು, 1 ಪಾಲು ಸೀರಿಯಂ ಆಕ್ಸೈಡು. ಉರಿ ತಾಗಿದರೆ ಈ ಜಾಲರಿ ಬೆಳ್ಳಗೆ ಬೆಳಗುತ್ತದೆ. ಥೋರಿಯಂ ಎಲ್ಲಿಂದ? ನಮ್ಮ ಪಕ್ಕದ ತಿರುವಾಂಕೂರಿನ ಕಡಲತೀರದ ಮರಳಿನಲ್ಲಿ ಅದರ ಅದಿರು ಇದೆ ಎಂದು 1909ರಲ್ಲಿ ಒಬ್ಬ ಜರ್ಮನ್ ರಸಾಯನಶಾಸ್ತ್ರಜ್ಞ ಕಂಡುಕೊಂಡ. ಭಾರತದ ಮರಳು ಯೂರೋಪಿಗೆ ಹಡಗಿನಲ್ಲಿ ಹೋಗತೊಡಗಿತು. ಇದೇ ಮ್ಯಾಂಟಲನ್ನು ಬಳಸಿ, ಒತ್ತಡ ಕೊಟ್ಟು ಸೀಮೆಎಣ್ಣೆಯನ್ನು ಆವಿಮಾಡಿ ಉರಿಸುವ ದೀಪವೇ ಪೆಟ್ರೋಮ್ಯಾಕ್ಸ್, ನಮ್ಮ ಹಳ್ಳಿಯ ಬಾಯಲ್ಲಿ ಗ್ಯಾಸ್‌ಲೈಟು. ಮದುವೆಯ ಮೆರವಣಿಗೆಯಲ್ಲಿ ಅದನ್ನು ತಲೆಯ ಮೇಲೆ ಹೊತ್ತು ನಡೆದವರಿಗೆ ಮದುವೆಯ ಊಟ ಕೊನೆಯ ಪಂಕ್ತಿಯಲ್ಲಿ. ದೀಪದ ಚರಿತ್ರೆ ಬರೆಯುವಾಗ ದೀಪ ಹೊತ್ತವರ ಹೆಸರು ಎಲ್ಲಿಯೂ ಸಿಗುವುದಿಲ್ಲ.

ಗ್ಯಾಸ್‌ಲೈಟು ಕರಾವಳಿಯ ಬಯಲಾಟವನ್ನು ಹೇಗೆ ಬದಲಾಯಿಸಿತು ಎಂಬುದು ಬೆಳಕಿನ ವಿದ್ಯಾರ್ಥಿಗಳಿಗೆ ದೊಡ್ಡ ಪಾಠ. ಮೊದಲು ಯಕ್ಷಗಾನ ನಡೆಯುತ್ತಿದ್ದದ್ದು ದೊಂದಿಯ ಬೆಳಕಿನಲ್ಲಿ, ರಂಗಸ್ಥಳದ ಎರಡೂ ಬದಿಯಲ್ಲಿ ಉರಿಯುವ ದೀವಟಿಗೆಗಳ ನಡುವೆ. ಆ ಬೆಳಕು ಕೆಂಪು ಮಿಶ್ರಿತ ಹಳದಿ. ಒಂದು ಕ್ಷಣ ಇದ್ದಂತೆ ಇನ್ನೊಂದು ಕ್ಷಣ ಇರುವುದಿಲ್ಲ. ಮುಖದ ಎತ್ತರದಿಂದಲೋ ಸ್ವಲ್ಪ ಕೆಳಗಿನಿಂದಲೋ ಬರುತ್ತದೆ. ಯಕ್ಷಗಾನದ ವೇಷವನ್ನು ಈಗ ನೆನಪಿಗೆ ತಂದುಕೊಳ್ಳಿ: ಕೆಂಪು, ಕಪ್ಪು, ಹಳದಿ, ಹಗುರ ಮರದ ಆಭರಣಗಳಿಗೆ ಅಂಟಿಸಿದ ಬೇಗಡೆ, ನಡುನಡುವೆ ಕನ್ನಡಿಯ ಚೂರು. ಇವೆಲ್ಲ ದೊಂದಿಗೆಂದೇ ಮಾಡಿದ ಒಗ್ಗರಣೆ. ಉರಿ ಅಲುಗಿದರೆ ಬೇಗಡೆ ಮಿಂಚುತ್ತದೆ, ರಾಕ್ಷಸನ ಮುಖದ ನೆರಳು ಹಣೆಯ ಮೇಲಕ್ಕೆ ಏರುತ್ತದೆ. ಟ್ಯೂಬ್‌ಲೈಟು ಬಂದ ಮೇಲೆ ಬೆಳಕೇನೋ ಹೆಚ್ಚಾಯಿತು, ಆದರೆ ಅದು ಮೇಲಿನಿಂದ, ಎಲ್ಲ ಕಡೆಯಿಂದ, ಸಮನಾಗಿ, ನೀಲಿಯಾಗಿ ಬಿತ್ತು. ನೆರಳು ಹೋಯಿತು. ನೆರಳಿನ ಜೊತೆಗೆ ರಾಕ್ಷಸನೂ ಅರ್ಧ ಹೋದ. ದೂರದರ್ಶನಕ್ಕೆ ಇಂಥ ಆಟಗಳನ್ನು ಚಿತ್ರೀಕರಿಸುವಾಗ ನಮ್ಮ ಮೊದಲ ಕೆಲಸವೇ ಅಲ್ಲಿರುವ ದೀಪಗಳಲ್ಲಿ ಅರ್ಧವನ್ನು ಆರಿಸುವುದು. ಸಂಘಟಕರಿಗೆ ಇದು ಅರ್ಥವಾಗುವುದು ಕಷ್ಟ. ‘ಟಿವಿಯವರು ಬಂದು ಬೆಳಕು ಕಮ್ಮಿ ಮಾಡಿದರು’ ಎಂದು ಗೊಣಗುತ್ತಾರೆ!

ವಿದ್ಯುತ್ತಿನ ಮೊದಲ ಹೊರಾಂಗಣ ದೀಪ ಬಲ್ಬಲ್ಲ. ಎರಡು ಇಂಗಾಲದ ಕಡ್ಡಿಗಳ ನಡುವೆ ಕಿಡಿ ಹಾರಿಸುವ ಆರ್ಕ್ ದೀಪ. 1878ರಲ್ಲಿ ಪ್ಯಾರಿಸ್ಸಿನ ಒಪೇರಾ ರಸ್ತೆಯಲ್ಲಿ ರಷ್ಯದ ಯಾಬ್ಲೊಚ್‌ಕೋವ್‌ನ ಆರ್ಕ್ ದೀಪಗಳನ್ನು ಹಚ್ಚಿದಾಗ ಜನ ಮೂಗಿನ ಮೇಲೆ ಬೆರಳಿಟ್ಟರು. ಕಥೆಗಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಮಾತ್ರ ಆ ಬೆಳಕನ್ನು ಸಹಿಸಲಾರದೆ ಗ್ಯಾಸ್ ದೀಪದ ಪರವಾಗಿ ವಕಾಲತ್ತು ಹಿಡಿದು ಪ್ರಬಂಧ ಬರೆದ. ಅಮೆರಿಕದವರು ಇನ್ನೂ ಮುಂದೆ ಹೋದರು. ಬೀದಿಗೊಂದು ಕಂಬ ಏಕೆ, ಊರಿಗೇ ಒಂದು ಚಂದ್ರನನ್ನು ನೇತುಹಾಕೋಣ ಎಂದರು. 1881ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ 237 ಅಡಿ ಎತ್ತರದ ದೀಪಗೋಪುರ ಎದ್ದಿತು. ಡೆಟ್ರಾಯಿಟ್ ನಗರ 122 ಗೋಪುರಗಳನ್ನು ನಿಲ್ಲಿಸಿತು. ಅಷ್ಟು ಮೇಲಿನಿಂದ ಬಿದ್ದ ಬೆಳಕು ಮನೆಗಳ ಮಾಡು, ಮರಗಳ ನೆತ್ತಿ ಬೆಳಗಿತು. ಮರದ ಕೆಳಗಿನ ಕಾಲುದಾರಿ, ಎತ್ತರದ ಕಟ್ಟಡದ ಹಿಂದಿನ ಓಣಿ ಕಗ್ಗತ್ತಲಲ್ಲೇ ಉಳಿದವು. ಮುಂದೆ ಡೆಟ್ರಾಯಿಟ್ ತನ್ನ ಗೋಪುರಗಳನ್ನು ಕಳಚಿತು. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ 1890ರ ದಶಕದಲ್ಲಿ ನಿಲ್ಲಿಸಿದ ಕೆಲವು ಗೋಪುರಗಳು ಸ್ಮಾರಕಗಳಾಗಿ ಉಳಿದುಕೊಂಡಿವೆ. ಮನೆಯ ಗೋಡೆಯ ನೆತ್ತಿಗೆ ಒಂದೇ ದೊಡ್ಡ ಫ್ಲಡ್‌ಲೈಟು ಜಡಿಯುವವರು ಡೆಟ್ರಾಯಿಟ್ ಬಿಟ್ಟುಕೊಟ್ಟ ಪ್ರಯೋಗವನ್ನೇ ತಮ್ಮ ಹಿತ್ತಲಲ್ಲಿ ಮತ್ತೆ ಮಾಡುತ್ತಿದ್ದಾರೆ.

ನಮ್ಮ ನಾಡಿನ ವಿದ್ಯುತ್ ಕಥೆ ನಿಮಗೆ ಗೊತ್ತಿರುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆ ಸಿದ್ಧವಾಗಿ, ಎಂಜಿನಿಯರ್ ಡಿ ಲಾಟ್‌ಬಿನಿಯರ್ ಅವರ ಉಸ್ತುವಾರಿಯಲ್ಲಿ ಕೆಲಸ ನಡೆದು, 1902ರ ಜೂನ್ 30ರಂದು ಶಿವನಸಮುದ್ರದ ಕಾವೇರಿ ವಿದ್ಯುತ್ತಾಯಿತು. ಅಯ್ಯರ್ ಅದನ್ನು ನೋಡಲು ಬದುಕಿರಲಿಲ್ಲ, 1901ರಲ್ಲಿ ತೀರಿಕೊಂಡಿದ್ದರು. ಮೊದಲ ವಿದ್ಯುತ್ತು ಹೋದದ್ದು ಯಾವ ಮನೆಗೂ ಅಲ್ಲ, ಯಾವ ಬೀದಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಅದು ಕೋಲಾರದ ಚಿನ್ನದ ಗಣಿಯ ಯಂತ್ರಗಳನ್ನು ತಿರುಗಿಸಿತು. ಉತ್ಪಾದನೆ ಹೆಚ್ಚಿದ ಮೇಲೆ 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳು ಬೆಳಗಿದವು, 1908ರಲ್ಲಿ ಮೈಸೂರಿನವು.

ಇಲ್ಲಿ ಒಂದು ತಿದ್ದುಪಡಿ ಅಗತ್ಯ. ಏಷ್ಯದಲ್ಲೇ ಮೊದಲು ವಿದ್ಯುತ್ ಬೀದಿದೀಪ ಕಂಡ ನಗರ ಬೆಂಗಳೂರು ಎಂದು ಭಾಷಣಗಳಲ್ಲಿ, ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಶಾಂಘೈ, ಟೋಕಿಯೊ ನಗರಗಳಲ್ಲಿ 1882ರಲ್ಲೇ ಆರ್ಕ್ ದೀಪಗಳು ಬೀದಿಯಲ್ಲಿ ಉರಿದಿದ್ದವು. ಜಲವಿದ್ಯುತ್ತನ್ನು ತೆಗೆದುಕೊಂಡರೂ ಡಾರ್ಜಿಲಿಂಗಿನ ಸಿದ್ರಾಪೊಂಗ್ ಎಂಬಲ್ಲಿ ಒಂದು ಪುಟ್ಟ ಕೇಂದ್ರ 1897ರಲ್ಲೇ ಶುರುವಾಗಿತ್ತು. ಶಿವನಸಮುದ್ರದ ಹಿರಿಮೆ ಬೇರೆ: ಅಷ್ಟು ದೂರಕ್ಕೆ, ಅಷ್ಟು ದೊಡ್ಡ ಪ್ರಮಾಣದಲ್ಲಿ ವಿದ್ಯುತ್ತನ್ನು ಒಯ್ದ ಸಾಹಸ. ಇಲ್ಲದ ಪಟ್ಟ ಅದಕ್ಕೇಕೆ?

ಪಟ್ಟಕ್ಕಿಂತ ಯೋಚಿಸಬೇಕಾದದ್ದು ಆ ತಂತಿಯ ಕೆಳಗಿನ ಹಳ್ಳಿಗಳ ಬಗ್ಗೆ. ತಲೆಯ ಮೇಲೆ ವಿದ್ಯುತ್ತು ಹರಿಯುತ್ತಿತ್ತು, ಗುಡಿಸಿಲಿನಲ್ಲಿ ಬುಡ್ಡಿ ಉರಿಯುತ್ತಿತ್ತು. ದೇಶದ ಎಲ್ಲ ಹಳ್ಳಿಗಳಿಗೂ ವಿದ್ಯುತ್ ತಲುಪಿತೆಂದು ಕೇಂದ್ರ ಸರ್ಕಾರ ಘೋಷಿಸಿದ್ದು 2018ರ ಏಪ್ರಿಲ್‌ನಲ್ಲಿ, ಮಣಿಪುರದ ಲೈಸಾಂಗ್ ಎಂಬ ಊರಿಗೆ ದೀಪ ಬಂದಾಗ. ಶಿವನಸಮುದ್ರದಿಂದ ಲೆಕ್ಕಹಾಕಿದರೆ 116 ವರ್ಷ. ನಡುವೆ ನಮ್ಮ ರಾಜ್ಯದಲ್ಲಿ ಬಡವರ ಮನೆಗೆ ಒಂದೇ ಒಂದು ಬಲ್ಬಿನ ‘ಭಾಗ್ಯಜ್ಯೋತಿ’ ಬಂತು. ಇರುವುದು ಒಂದು ಬಲ್ಬು. ಅದನ್ನು ಒಳಗೆ ಹಾಕುವುದೋ ಹೊರಗೆ ಹಾಕುವುದೋ? ಚಿತ್ರೀಕರಣಕ್ಕೆಂದು ಸುತ್ತುವಾಗ, ಬಲ್ಬನ್ನು ಬಾಗಿಲ ಪಟ್ಟಿಯ ಕೆಳಗೆ ತೂಗುಹಾಕಿದ ಮನೆಗಳನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಒಳಗೆ ಮಗು ಓದುತ್ತದೆ, ಹೊರಗೆ ಅಜ್ಜಿ ಅವರೆಕಾಯಿ ಸುಲಿಯುತ್ತಾಳೆ. ದೇಹಲೀದೀಪ ನ್ಯಾಯ!

ಮೈಸೂರು ಅರಮನೆಯ ದೀಪಾಲಂಕಾರವನ್ನೂ ಇಲ್ಲಿ ಹೇಳಬೇಕು. ಹೆನ್ರಿ ಅರ್ವಿನ್ ವಿನ್ಯಾಸದ ಆ ಅರಮನೆ 1912ರಲ್ಲಿ ಪೂರ್ಣವಾಯಿತು. ಅದಕ್ಕೆ ಹಚ್ಚುವ ಬಲ್ಬುಗಳು ಒಂದು ಲಕ್ಷಕ್ಕೆ ಹತ್ತಿರ. ಆದರೆ ಗಮನಿಸಿ, ಒಂದು ಬಲ್ಬೂ ಕಣ್ಣು ಕುಕ್ಕುವುದಿಲ್ಲ. ಗೋಡೆಯ ಮೇಲೆ ಬೆಳಕು ಸುರಿದಿಲ್ಲ. ಕಮಾನಿನ ಅಂಚು, ಗುಮ್ಮಟದ ಗೆರೆ, ಗೋಪುರದ ಮೂಲೆ, ಇಷ್ಟಕ್ಕೆ ಮಾತ್ರ ಪುಟ್ಟ ಬಲ್ಬುಗಳ ಸಾಲು. ನಡುವಿನದೆಲ್ಲ ಕತ್ತಲು. ಆ ಕತ್ತಲೇ ಅರಮನೆಯ ಚಿತ್ರ ಬರೆಯುವ ಹಲಗೆ. ಹೊಸ ಕಾಲದ ಬಣ್ಣಬಣ್ಣದ ಫ್ಲಡ್‌ಲೈಟುಗಳನ್ನು ಸ್ಮಾರಕಗಳ ಮೇಲೆ ಸುರಿಯುವವರು ಒಂದು ಭಾನುವಾರ ಸಂಜೆ ಮೈಸೂರಿಗೆ ಹೋಗಿ ಬರುವುದು ಒಳ್ಳೆಯದು.

ಇನ್ನು ಬಣ್ಣ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಹೇಳುತ್ತಾರೆ. ಮೇಣದಬತ್ತಿ ಸುಮಾರು 1900 ಕೆಲ್ವಿನ್, ಹಳೆಯ ತಂತಿಬಲ್ಬು 2700, ನಮ್ಮ ಸ್ಟುಡಿಯೋದ ಹ್ಯಾಲೋಜನ್ ದೀಪ 3200, ಹಗಲು 5600ರ ಆಸುಪಾಸು, ಅಂಗಡಿಯಲ್ಲಿ ‘ಬಿಳಿ’ ಎಂದು ಮಾರುವ ಎಲ್‌ಇಡಿ 6500. ಸಂಖ್ಯೆ ಏರಿದಂತೆ ನೀಲಿ ಹೆಚ್ಚುತ್ತದೆ. ಒಂದೇ ಹಿತ್ತಲಿನಲ್ಲಿ ಒಂದು ಮೂಲೆಗೆ 2700, ಇನ್ನೊಂದಕ್ಕೆ 6500 ಹಾಕಿದರೆ ಕಣ್ಣು ಹೇಗೋ ಕ್ಷಮಿಸೀತು, ಕ್ಯಾಮೆರಾ ಕ್ಷಮಿಸುವುದಿಲ್ಲ: ಒಬ್ಬನ ಅರ್ಧ ಮುಖ ಅರಿಸಿನ ಹಚ್ಚಿದಂತೆ, ಇನ್ನರ್ಧ ನೀಲಿ ಬಳಿದಂತೆ ಬರುತ್ತದೆ. ಇದಕ್ಕಿಂತ ವಿಚಿತ್ರವಾದದ್ದು ಕಡಿಮೆ ಒತ್ತಡದ ಸೋಡಿಯಂ ದೀಪ. 1932ರಲ್ಲಿ ನೆದರ್‌ಲೆಂಡ್ಸ್‌ನ ಬೇಕ್ ಮತ್ತು ಗೆಲೀನ್ ಊರುಗಳ ನಡುವಿನ ರಸ್ತೆಗೆ ಅದನ್ನು ಹಾಕಿದರು. ಅದರ ಬೆಳಕು ಬಹುತೇಕ ಒಂದೇ ಬಣ್ಣ, 589 ನ್ಯಾನೋಮೀಟರಿನ ಹಳದಿ. ಅದರಡಿಯಲ್ಲಿ ಕೆಂಪು ಸೀರೆ ಕಂದು ಮಸಿಯಂತೆ ಕಾಣುತ್ತದೆ. ಆದರೂ ಖಗೋಳ ವಿಜ್ಞಾನಿಗಳಿಗೆ ಅದರ ಮೇಲೆ ಪ್ರೀತಿ, ಏಕೆಂದರೆ ಆ ಒಂದು ಬಣ್ಣವನ್ನು ಸೋಸಿಬಿಟ್ಟರೆ ನಕ್ಷತ್ರದ ಬೆಳಕು ಮತ್ತೆ ಸಿಗುತ್ತದೆ. ನಮ್ಮ ನಗರಗಳಲ್ಲಿ ಬಹುಕಾಲ ಉರಿದ ಬಂಗಾರ ಬಣ್ಣದ ದೀಪ ಅದರ ತಮ್ಮ, ಹೆಚ್ಚು ಒತ್ತಡದ್ದು. ಅದರಲ್ಲಿ ಅಷ್ಟಿಷ್ಟು ಬೇರೆ ಬಣ್ಣಗಳೂ ಉಂಟು.

ಎಲ್‌ಇಡಿಯ ಕಥೆ ಮುಗಿದದ್ದು ನೀಲಿಯಲ್ಲಿ. ಕೆಂಪು, ಹಸಿರು ಎಲ್‌ಇಡಿಗಳು ಮೊದಲೇ ಇದ್ದವು. ನೀಲಿ ಇಲ್ಲದೆ ಬಿಳಿ ಆಗುವಂತಿರಲಿಲ್ಲ. ಜಪಾನಿನ ಅಕಾಸಾಕಿ, ಅಮಾನೊ ಮತ್ತು ನಕಾಮುರ 1990ರ ದಶಕದ ಆರಂಭದಲ್ಲಿ ಅದನ್ನು ಸಾಧಿಸಿದರು. 2014ರಲ್ಲಿ ನೊಬೆಲ್ ಪಡೆದರು. ನೀಲಿ ಚಿಪ್ಪಿನ ಮೇಲೆ ಹಳದಿ ರಂಜಕದ ಲೇಪ, ಇದೇ ಬಿಳಿ ಎಲ್‌ಇಡಿ. 60 ವ್ಯಾಟಿನ ತಂತಿಬಲ್ಬಿನ ಕೆಲಸವನ್ನು ಇದು 9 ವ್ಯಾಟಿನಲ್ಲಿ ಮಾಡುತ್ತದೆ. ನಿಜವಾಗಿಯೂ ಹೊಗಳಬೇಕಾದ ಸಾಧನೆ. ಆದರೆ ನಾವು ಮಾಡಿದ್ದೇನು? ಉಳಿದ ವಿದ್ಯುತ್ತಿಗೆ ಇನ್ನೊಂದು ದೀಪ ಹಾಕಿದೆವು. ಎಣ್ಣೆಯ ಕಾಲದಲ್ಲಿ ಖರ್ಚು ನಮ್ಮ ಕೈ ಹಿಡಿಯುತ್ತಿತ್ತು, ಈಗ ಹಿಡಿಯುವವರಿಲ್ಲ. ಖರ್ಚು ಬೇರೆಯವರ ತಲೆಯ ಮೇಲೆ ಬೀಳತೊಡಗಿದೆ.

ಯಾರ ತಲೆಯ ಮೇಲೆ? ಒಂದು ಉದಾಹರಣೆ ಹುಳುಗಳದು. ದೀಪಕ್ಕೆ ಮರುಳಾಗಿ ಬಂದು ಬೀಳುವ ಪತಂಗ ನಮ್ಮ ಕವಿಗಳಿಗೆ ಪ್ರೇಮದ ಸಂಕೇತ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾದಲ್ಲಿ ಈ ಹಾರಾಟವನ್ನು ಸೆರೆಹಿಡಿದರು. ಪತಂಗಕ್ಕೆ ದೀಪದ ಮೇಲೆ ಯಾವ ಪ್ರೇಮವೂ ಇಲ್ಲ! ಕೋಟ್ಯಂತರ ವರ್ಷಗಳಿಂದ ರಾತ್ರಿಯಲ್ಲಿ ಬೆಳ್ಳಗಿರುವ ದಿಕ್ಕು ಎಂದರೆ ಆಕಾಶ, ಅಂದರೆ ಮೇಲೆ. ಹಾಗಾಗಿ ಹಾರುವ ಹುಳು ಬೆನ್ನನ್ನು ಬೆಳಕಿನ ಕಡೆಗೆ ಇಟ್ಟುಕೊಳ್ಳುತ್ತದೆ. ಪಕ್ಕದಲ್ಲೊಂದು ಬಲ್ಬು ಉರಿದರೆ ಅದಕ್ಕೆ ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ತಪ್ಪಿಹೋಗುತ್ತದೆ. ಸುತ್ತಿ ಸುತ್ತಿ ಸೋತು ಬೀಳುತ್ತದೆ. ನಿಮ್ಮ ಹಿತ್ತಲಿನ ಮಲ್ಲಿಗೆ, ರಾತ್ರಿರಾಣಿ ಬಿಳಿಯಾಗಿ ಅರಳುವುದೂ ಗಂಧ ಬೀರುವುದೂ ಇದೇ ಪತಂಗಗಳಿಗಾಗಿ.

ಇನ್ನೊಂದು ಉದಾಹರಣೆ ಆಕಾಶ. 1958ರಲ್ಲಿ ಅಮೆರಿಕದ ಫ್ಲ್ಯಾಗ್‌ಸ್ಟಾಫ್ ಎಂಬ ಊರು ತನ್ನ ವೀಕ್ಷಣಾಲಯದ ಸಲುವಾಗಿ ಜಾಹೀರಾತಿನ ಸರ್ಚ್‌ಲೈಟುಗಳನ್ನು ನಿಷೇಧಿಸಿತು. ನಮ್ಮಲ್ಲಿ ಲಡಾಖಿನ ಹಾನ್ಲೆಯ ಸುತ್ತಣ ಪ್ರದೇಶವನ್ನು 2022ರ ಡಿಸೆಂಬರಿನಲ್ಲಿ ಕತ್ತಲಿನ ಆಕಾಶದ ಮೀಸಲು ಎಂದು ಘೋಷಿಸಲಾಯಿತು. ಅಲ್ಲಿನ ಎರಡು ಮೀಟರ್ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದು. ಅದನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಬೆಂಗಳೂರಿನ ಪಕ್ಕದಲ್ಲಿ ಕುಳಿತವರು ನಕ್ಷತ್ರ ನೋಡಲು ಲಡಾಖಿನ ಕಣ್ಣು ಬಳಸಬೇಕಾಗಿದೆ. ಹಾನ್ಲೆಯ ಹಳ್ಳಿಗರು ದೀಪವನ್ನೇನೂ ಬಿಟ್ಟಿಲ್ಲ. ದೀಪಕ್ಕೆ ಮುಚ್ಚಳ ಹಾಕಿ ಬೆಳಕನ್ನು ನೆಲಕ್ಕೆ ತಿರುಗಿಸಿದ್ದಾರೆ, ಕಿಟಕಿಗೆ ಪರದೆ ಎಳೆಯುತ್ತಾರೆ.

ಹಾಗಾದರೆ ನಿಮ್ಮ ಹಿತ್ತಲು? ಬಾಗಿಲಿನಿಂದ ಬಾವಿಕಟ್ಟೆಗೆ ಹೋಗುವ ದಾರಿಗೆ ಮೊಣಕಾಲೆತ್ತರದಲ್ಲಿ, ನೆಲ ನೋಡುವಂತೆ ಮುಚ್ಚಳವಿರುವ ಎರಡು ಮೂರು ಪುಟ್ಟ ದೀಪಗಳು, ಒಂದೊಂದು ಎರಡು ಮೂರು ವ್ಯಾಟಿನವು, ಸಾಕು. ವಾನ್ ಡರ್ ಹೈಡನ್ ಮಾಡಿದಂತೆ ಒಂದರ ಬೆಳಕು ಸೋಲುವಲ್ಲಿ ಇನ್ನೊಂದರದು ಶುರುವಾಗಲಿ. ಪಾತ್ರೆ ತೊಳೆಯುವ ಕಲ್ಲಿನ ಮೇಲೆ, ಪಂಪಿನ ಬಳಿ ಕೆಲಸಕ್ಕೆ ತಕ್ಕ ಬೆಳಕು ನಿಜಕ್ಕೂ ಬೇಕು. ಅಲ್ಲಿ ಒಂದು 9 ವ್ಯಾಟು, ಆದರೆ ಅದಕ್ಕೆ ಬೇರೆ ಸ್ವಿಚ್ಚು. ಹಾವು ಚೇಳಿನ ಭಯವಿರುವ ಊರಾದರೆ ದಾರಿಯ ದೀಪದಲ್ಲಿ ಜಿಪುಣತನ ಬೇಡ. ರಾತ್ರಿ ಹೊರಗೆ ಹೋಗಬೇಕಾದ ಹೆಣ್ಣುಮಕ್ಕಳಿಗೆ ಎಲ್ಲಿ ಬೆಳಕು ಬೇಕು ಎಂಬುದನ್ನು ಅವರನ್ನೇ ಕೇಳಿ, ಗಂಡಸರು ಕುಳಿತು ತೀರ್ಮಾನಿಸುವ ವಿಷಯ ಇದಲ್ಲ. ಕಳ್ಳನ ಭಯಕ್ಕೆ ಫ್ಲಡ್‌ಲೈಟೇ ಬೇಕು ಎನ್ನುವ ಹಿರಿಯರಿದ್ದರೆ ಒಂದು ಪರೀಕ್ಷೆ ಮಾಡಿ ತೋರಿಸಿ: ಆ ದೀಪ ಉರಿಯುತ್ತಿರುವಾಗ ಅದಕ್ಕೆ ಎದುರಾಗಿ ನಿಂತು, ಅದರ ಪಕ್ಕದ ಗೋಡೆಯ ನೆರಳಿನಲ್ಲಿ ನಿಮ್ಮ ತಮ್ಮನನ್ನು ನಿಲ್ಲಿಸಿ. ಅವನು ನಿಮಗೆ ಕಾಣುವುದಿಲ್ಲ, ನೀವು ಅವನಿಗೆ ಚೆನ್ನಾಗಿ ಕಾಣುತ್ತೀರಿ. ಕಳ್ಳನಿಗೂ ಇದು ಗೊತ್ತು. ಎಲ್ಲ ದೀಪಗಳೂ 2700ರಿಂದ 3000 ಕೆಲ್ವಿನ್ ಒಳಗೇ ಇರಲಿ, ಒಂದಕ್ಕೊಂದು ಜಗಳವಾಡುವುದಿಲ್ಲ. ಮಳೆಗೆ ನೆನೆಯದಂಥ ದೀಪವನ್ನೇ ಕೊಳ್ಳಿ. ನೀರಿನ ಬಳಿಯ ತಂತಿಗೆ ಸೋರಿಕೆ ತಡೆಯುವ ಬ್ರೇಕರನ್ನು ತಪ್ಪದೆ ಹಾಕಿಸಿ, ಇದು ಅಲಂಕಾರದ ಮಾತಲ್ಲ, ಪ್ರಾಣದ ಮಾತು. ಮರಕ್ಕೆ, ಮಲ್ಲಿಗೆ ಬಳ್ಳಿಗೆ ದೀಪ ಬೇಡ.

ಇಷ್ಟಾದ ಮೇಲೆ ಒಂದು ಪ್ರಯೋಗ ಉಳಿದಿದೆ. ಮಂದ ಬೆಳಕಿನಲ್ಲಿ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಹಸಿರು ಉಳಿಯುತ್ತವೆ ಎಂದು ಪುರ್ಕಿನ್ಯೆ ಎಂಬ ವಿಜ್ಞಾನಿ 1825ರಲ್ಲೇ ಬರೆದಿದ್ದಾನೆ. ಕಣ್ಣಿನಲ್ಲಿ ಬಣ್ಣ ನೋಡುವ ಶಂಕುಕೋಶಗಳು ನಿವೃತ್ತಿಯಾಗಿ ದಂಡಕೋಶಗಳು ಪಾಳಿಗೆ ಬರುವುದೇ ಇದಕ್ಕೆ ಕಾರಣ. ಅವು ಪೂರ್ತಿ ಎಚ್ಚೆತ್ತುಕೊಳ್ಳಲು 20ರಿಂದ 30 ನಿಮಿಷ ಬೇಕು; ನಡುವೆ ಒಮ್ಮೆ ಮೊಬೈಲು ನೋಡಿದರೆ ಲೆಕ್ಕ ಮೊದಲಿನಿಂದ. ಡಿಸೆಂಬರಿನ ಅಮಾವಾಸ್ಯೆಯ ಆಸುಪಾಸಿನಲ್ಲಿ, ರಾತ್ರಿ ಎಂಟು ಒಂಬತ್ತರ ಹೊತ್ತಿಗೆ, ಹಿತ್ತಲಿನ ದೀಪವನ್ನೆಲ್ಲ ಆರಿಸಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಒಂದು ಕೆಂಪು ಹೂ, ಒಂದು ಹಸಿರು ಎಲೆ ಪಕ್ಕದಲ್ಲಿರಲಿ, ಯಾವುದು ಮೊದಲು ಕಪ್ಪಾಯಿತು ಎಂದು ನೋಡಿ. ಆಮೇಲೆ ತಲೆಯೆತ್ತಿ ಕೃತ್ತಿಕಾ ನಕ್ಷತ್ರಪುಂಜವನ್ನು ಹುಡುಕಿ. ಒಳ್ಳೆಯ ಕತ್ತಲಿದ್ದರೆ ಬರಿಗಣ್ಣಿಗೆ ಆರು ಚುಕ್ಕಿ ಸಿಗುತ್ತವೆ, ಕಣ್ಣು ಚುರುಕಾಗಿದ್ದರೆ ಏಳು. ನಿಮಗೆ ಎಷ್ಟು ಸಿಕ್ಕವು ಎಂಬುದನ್ನು ದಿನಾಂಕದ ಜೊತೆಗೆ ನೋಟ್‌ಪುಸ್ತಕದಲ್ಲಿ ಬರೆದಿಡಿ. ಮುಂದಿನ ಡಿಸೆಂಬರಿನಲ್ಲಿ ಅದೇ ಜಾಗದಲ್ಲಿ ಕುಳಿತು ಮತ್ತೆ ಎಣಿಸಿ.